ಕರಸ್ಥಲವೂ ಕೋಲೂ: ತರಗತಿಯ ಶಿಸ್ತನ್ನು ಕುರಿತು

'ಶಿಕ್ಷೆ' ಎಂಬ ಶಬ್ದಕ್ಕೆ ಕನ್ನಡದಲ್ಲಿ ಒದಗಿರುವ ಗತಿಯನ್ನು ಉಪಾಧ್ಯಾಯ ವೃತ್ತಿಯವರು ಒಮ್ಮೆ ಕುಳಿತು ಆಲೋಚಿಸುವುದು ಯುಕ್ತವಾಗಿದೆ. ಸಂಸ್ಕೃತದಲ್ಲಿ ಈ ಪದವು ಕಲಿಕೆ, ಕಲಿಸುವಿಕೆ ಎಂಬ ಅರ್ಥವುಳ್ಳದ್ದು. ವೇದದ ಆರು ಅಂಗಗಳಲ್ಲಿ ಉಚ್ಚಾರಣೆಯನ್ನು ಕಲಿಸುವ ಶಾಸ್ತ್ರಕ್ಕೆ ಇದೇ ಹೆಸರು. 'ಶಕ್' ಎಂಬ ಧಾತುವಿನಿಂದ, ಅಂದರೆ ಸಮರ್ಥನಾಗು ಎಂಬ ಅರ್ಥದ ಧಾತುವಿನಿಂದ, ಇದು ಹುಟ್ಟಿತೆಂದೂ ಸಮರ್ಥನಾಗಬೇಕೆಂಬ ಇಚ್ಛೆಯೇ ಇದರ ಮೂಲಾರ್ಥವೆಂದೂ ಶಬ್ದಜ್ಞರು ಹೇಳುವರು. ಇಂಥ ಪದವು ನಮ್ಮ ಬಳಕೆಯಲ್ಲಿ ನ್ಯಾಯಾಲಯದ ಕಟಕಟೆಯನ್ನೂ ಶಾಲೆಯ ಬೆತ್ತವನ್ನೂ ಸೇರಿಕೊಂಡಿತು. ಕಲಿಸುವುದಕ್ಕೆ 'ಶಿಕ್ಷಣ' ಎಂಬ ಬೇರೊಂದು ರೂಪವನ್ನು ನಾವು ಇಟ್ಟುಕೊಳ್ಳಬೇಕಾಯಿತು. ಹೆಸರು ಎರಡಾದರೂ ಬಹುಕಾಲದವರೆಗೆ ಕೆಲಸವು ಒಂದೇ ಆಗಿದ್ದಿತು.

ಹಿಂದಿನ ಕೂಲಿಮಠಗಳ ವೃತ್ತಾಂತವನ್ನು ಬಲ್ಲ ಹಿರಿಯರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಸರಕಾರದ ಶಾಲೆಗಳು ಊರೂರಿಗೆ ಬರುವುದಕ್ಕೆ ಮೊದಲು ಅಯ್ಯಗಳು ಮಠದ ಕಟ್ಟೆಯ ಮೇಲೆ ಮರಳು ಹರವಿ, ಮಕ್ಕಳ ಬೆರಳು ಹಿಡಿದು ಅಕ್ಷರ ತಿದ್ದಿಸುತ್ತಿದ್ದರು. ಮಗ್ಗಿಯನ್ನೂ ಲೆಕ್ಕವನ್ನೂ ಬಾಯಿಪಾಠ ಮಾಡಿಸುತ್ತಿದ್ದರು. ಆ ಉಪಕಾರವನ್ನು ಮರೆಯುವುದು ಕೃತಘ್ನತೆ. ಆದರೆ ಅದೇ ಕಟ್ಟೆಯ ಮೇಲಿನ ತೊಲೆಗೆ ಹಗ್ಗ ಬಿಗಿದು ತಪ್ಪು ಮಾಡಿದ ಹುಡುಗನನ್ನು ತೂಗಹಾಕುವ 'ಕೋದಂಡ'ವೆಂಬ ಶಿಕ್ಷೆಯೂ ಇದ್ದಿತೆಂಬುದನ್ನು ಮುಚ್ಚಿಡುವುದು ಸತ್ಯಕ್ಕೆ ಮಾಡುವ ದ್ರೋಹ. 'ಛಡಿ ಛಂ ಛಂ, ವಿದ್ಯಾ ಘಂ ಘಂ' ಎಂಬ ಗಾದೆಯು ಉತ್ತರ ಕರ್ನಾಟಕದ ಮನೆಮನೆಯಲ್ಲಿ ಕೇಳಿಬರುತ್ತಿದ್ದಿತು. ದಯೆಯನ್ನು ಧರ್ಮದ ಬೇರೆಂದು ಸಾರಿದ ಶರಣರ ವಚನಗಳನ್ನು ಬೆಳಗ್ಗೆ ಹೇಳಿಸಿ ಮಧ್ಯಾಹ್ನ ಕೋದಂಡ ಕಟ್ಟಿದವರಿಗೆ ಇವೆರಡರ ನಡುವೆ ಯಾವ ವಿರೋಧವೂ ಕಾಣಲಿಲ್ಲವೆಂಬುದು ಆಶ್ಚರ್ಯ. ಅವರನ್ನು ಹಳಿಯುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ನನಗೂ ಅದು ಬಹುಕಾಲ ಕಾಣಿಸಿರಲಿಲ್ಲ.

ಈಗ ಕಾನೂನು ಈ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಟ್ಟಿಲ್ಲ. 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಕಾಯಿದೆಯ 17ನೆಯ ಪ್ರಕರಣವು ದೈಹಿಕ ಶಿಕ್ಷೆಯನ್ನು ಮಾತ್ರವಲ್ಲದೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತವನ್ನು ಕೆಳಗಿಟ್ಟು ನಾಲಗೆಯನ್ನು ಎತ್ತಿಕೊಳ್ಳಲು ಕೂಡ ಅವಕಾಶವಿಲ್ಲ. ಉಪಾಧ್ಯಾಯರು ಇಬ್ಬರು ಕೂಡಿದಲ್ಲಿ ಈಗಲೂ ಕೇಳಿಬರುವ ಮಾತು ಒಂದುಂಟು: 'ಸರಕಾರವು ನಮ್ಮ ಕೈ ಕಟ್ಟಿಹಾಕಿತು, ಇನ್ನು ಹುಡುಗರನ್ನು ಅಂಕೆಯಲ್ಲಿಡುವುದು ಹೇಗೆ?' ಇದು ತಿರಸ್ಕರಿಸಬಹುದಾದ ಪ್ರಶ್ನೆಯಲ್ಲ. ಐವತ್ತು ಮಕ್ಕಳೆದುರು ಒಬ್ಬನೇ ನಿಲ್ಲುವವನ ಕಷ್ಟವು ನಿಂತವನಿಗೇ ಗೊತ್ತು. ಯಾವುದನ್ನು ಮಾಡಬಾರದೆಂದು ಕಾಯಿದೆಯು ಹೇಳಬಲ್ಲುದು. ಯಾವುದನ್ನು ಮಾಡಬೇಕೆಂಬುದನ್ನು ಬೇರೆ ಕಡೆ ಹುಡುಕಬೇಕಾಗುತ್ತದೆ. ನನಗೆ ತೋರುವಂತೆ, ಅದರ ಉತ್ತರವು ನಾವು ದಿನವೂ ಮಾಡುವ ಪೂಜೆಯಲ್ಲಿಯೇ ಇದ್ದಿತು.

ಈ ಮಾತನ್ನು ಹೇಳುವ ಅಧಿಕಾರವು ನನಗೆ ಪಾಂಡಿತ್ಯದಿಂದ ಬಂದುದಲ್ಲ. ಒಂದು ತಪ್ಪಿನಿಂದ ಬಂದುದು. ಅದನ್ನು ಬರೆಯದೆ ಮುಂದಿನದನ್ನು ಬರೆದರೆ ಬರಿಯ ಉಪದೇಶವಾದೀತು. ನಾನು ಸೇವೆಗೆ ಸೇರಿದ ಮೂರನೆಯ ವರ್ಷ. ಮೇಲೆ ಹೇಳಿದ ಕಾಯಿದೆ ಬರುವುದಕ್ಕೆ ಬಹಳ ಹಿಂದಿನ ಮಾತು. ಬಿಸಿಲುಸೀಮೆಯ ಒಂದು ಹಳ್ಳಿ. ಆರನೆಯ ತರಗತಿಯಲ್ಲಿ ನಲವತ್ತೆಂಟು ಮಕ್ಕಳು. ಅವರಲ್ಲಿ ಒಬ್ಬ ಹುಡುಗನು ದಿನವೂ ಪ್ರಾರ್ಥನೆ ಮುಗಿದ ಮೇಲೆಯೇ ಬರುತ್ತಿದ್ದನು. ಗದರಿಸಿದೆ, ಹೊರಗೆ ನಿಲ್ಲಿಸಿದೆ, ಪ್ರಯೋಜನವಾಗಲಿಲ್ಲ. ಒಂದು ದಿನ ಹಿರಿಯರೊಬ್ಬರು ಎಲ್ಲ ಸಹೋದ್ಯೋಗಿಗಳೆದುರು, ನಿಮ್ಮ ತರಗತಿಗೆ ಹಿಡಿತವೇ ಇಲ್ಲವೆಂದರು. ಆ ಮಾತಿನ ಉರಿಯನ್ನು ಹೊತ್ತುಕೊಂಡೇ ನಾನು ತರಗತಿಗೆ ಬಂದೆ. ಹುಡುಗನು ಬಾಗಿಲಲ್ಲಿ ನಿಂತಿದ್ದನು. ಕೈ ಚಾಚೆಂದೆ. ಬಲಗೈ ಚಾಚಿದನು, ಎರಡು ಏಟು ಬಿದ್ದವು. ಇನ್ನೊಂದು ಕೈ ಎಂದೆ. ಅವನು ಎಡಗೈಯನ್ನು ಬೆನ್ನ ಹಿಂದೆ ಮರೆಮಾಡಿ, 'ಈ ಕೈ ಬ್ಯಾಡ್ರಿ ಸರ, ಇದರಾಗ ಲಿಂಗ ಹಿಡೀತೀನ್ರಿ' ಎಂದು ಬಲಗೈಯನ್ನೇ ಮತ್ತೊಮ್ಮೆ ಮುಂದಿಟ್ಟನು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆ ನಗೆಯು ನನ್ನನ್ನು ಕುರಿತದ್ದೆಂದು ನನಗೆ ತೋರಿತು. ಅವನ ಎಡಗೈಯನ್ನು ನಾನೇ ಹಿಡಿದೆಳೆದು ಹೊಡೆದೆ.

ಅವನು ಅಳಲಿಲ್ಲ. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮೂರನೆಯ ವಾರ ನಾನು ಅವನ ಮನೆಯನ್ನು ವಿಚಾರಿಸಿಕೊಂಡು ಹೋದೆ. ತಂದೆ ತೀರಿಕೊಂಡು ಒಂದೂವರೆ ವರ್ಷವಾಗಿತ್ತಂತೆ. ಹುಡುಗನು ಬೆಳಗಿನಲ್ಲಿ ಎದ್ದು ಬೇರೆಯವರ ಎಮ್ಮೆಗಳಿಗೆ ನೀರು ಕುಡಿಸಿ, ಕೊಟ್ಟಿಗೆ ಬಳಿದು, ಸ್ನಾನಮಾಡಿ, ಪೂಜೆ ಮುಗಿಸಿ ಶಾಲೆಗೆ ಓಡುತ್ತಿದ್ದನಂತೆ. ಈಗ ಸೋದರಮಾವನೊಡನೆ ಶಹಾಬಾದಿನ ಕಡೆ ಕಲ್ಲಿನ ಖಣಿಯ ಕೆಲಸಕ್ಕೆ ಹೋಗಿದ್ದನು. ತಾಯಿಯು ನನ್ನನ್ನು ದೂರಲಿಲ್ಲ. ಕುಡಿಯಲು ನೀರು ಕೊಟ್ಟಳು. ಏಕೆ ತಡವಾಗುತ್ತದೆಯೆಂದು ಆ ಹುಡುಗನನ್ನು ನಾನು ಒಂದು ದಿನವೂ ಕೇಳಿರಲಿಲ್ಲವೆಂಬುದು ಆ ನೀರನ್ನು ಕುಡಿಯುವಾಗ ನೆನಪಿಗೆ ಬಂದಿತು.

ಆ ರಾತ್ರಿ ಮೊದಲುಗೊಂಡು ಹಲವು ದಿನ ಪೂಜೆಗೆ ಕುಳಿತಾಗಲೆಲ್ಲ ನನ್ನ ಎಡಗೈಯನ್ನು ನೋಡುವುದೇ ಕಷ್ಟವಾಯಿತು. ಹಾಗೆ ನೋಡುತ್ತಿದ್ದಾಗಲೇ ದೀಕ್ಷೆಯ ತತ್ತ್ವವನ್ನು ಬೇರೆಯಾಗಿ ಆಲೋಚಿಸುವ ಸಂದರ್ಭ ಒದಗಿತು. ದೀಕ್ಷೆಯಲ್ಲಿ ಗುರುವು ಮಾಡುವುದೇನು? ಹಸ್ತಮಸ್ತಕ ಸಂಯೋಗದಿಂದ ಶಿಷ್ಯನ ಮಸ್ತಕದಲ್ಲಿಯೇ ಇರುವ ಚಿತ್ಕಳೆಯನ್ನು ಸೆಳೆದು, ಅದನ್ನು ಇಷ್ಟಲಿಂಗವನ್ನಾಗಿಸಿ, ಶಿಷ್ಯನ ಕರಸ್ಥಲಕ್ಕೆ ಕೊಡುತ್ತಾನೆಂದು ನಮ್ಮ ಶಾಸ್ತ್ರವು ಹೇಳುತ್ತದೆ. ಇದರಲ್ಲಿ ಎರಡು ಅಂಶಗಳನ್ನು ವಾಚಕರು ಲಕ್ಷಿಸಬೇಕು. ಗುರುವು ಕೊಡುವುದು ತನ್ನ ಮನೆಯಿಂದ ತಂದ ಹೊಸ ವಸ್ತುವನ್ನಲ್ಲ. ಶಿಷ್ಯನಲ್ಲಿ ಮೊದಲೇ ಇದ್ದುದನ್ನು ಶಿಷ್ಯನ ಕಣ್ಣಿಗೆ ಕಾಣುವಂತೆ ಮಾಡಿ ಕೊಡುತ್ತಾನೆ. ಮತ್ತು, ಒಮ್ಮೆ ಕೊಟ್ಟ ಮೇಲೆ ಅದು ಶಿಷ್ಯನ ಕೈಯಲ್ಲಿಯೇ ಇರುತ್ತದೆ. ನಾಳೆಯ ಪೂಜೆಗೆ ಗುರುವು ಬರಬೇಕಾದುದಿಲ್ಲ. ನಡುವೆ ಪೂಜಾರಿಯೂ ಬೇಡ. ಹೊತ್ತಿಗೆ ಏಳುವುದು, ಮೀಯುವುದು, ಕುಳಿತುಕೊಳ್ಳುವುದು, ಮನಸ್ಸನ್ನು ನಿಲ್ಲಿಸುವುದು ಇವೆಲ್ಲವೂ ಅವನ ಹೊಣೆ.

ಕೋಲಿನ ಸ್ವಭಾವವು ಇದಕ್ಕೆ ತೀರ ವಿರುದ್ಧವಾದುದು. ಕೋಲು ಸದಾ ಉಪಾಧ್ಯಾಯನ ಕೈಯಲ್ಲಿರುತ್ತದೆ. ಹುಡುಗನ ಕೈಗೆ ಬರುವುದು ಅದರ ಗುರುತು ಮಾತ್ರ. ಉಪಾಧ್ಯಾಯನು ಹೊರಗೆ ಹೋದಾಗ ಕೋಲೂ ಹೊರಗೆ ಹೋಗುತ್ತದೆ, ಅದರೊಡನೆ ಶಿಸ್ತೂ ಹೋಗುತ್ತದೆ. ಕಚೇರಿಯಿಂದ ಕರೆ ಬಂದು ಐದು ನಿಮಿಷ ತರಗತಿಯನ್ನು ಬಿಟ್ಟುಹೋದ ಯಾವ ಉಪಾಧ್ಯಾಯನಿಗೂ ಇದನ್ನು ಪ್ರಮಾಣಪೂರ್ವಕವಾಗಿ ಸಿದ್ಧಪಡಿಸಿ ತೋರಿಸಬೇಕಾಗಿಲ್ಲ. ಓಣಿಯ ತುದಿಗೇ ಗದ್ದಲ ಕೇಳಿಸುತ್ತದೆ. ಆದುದರಿಂದ ತರಗತಿಯ ಶಿಸ್ತನ್ನು ಕುರಿತು ಕೇಳಬೇಕಾದ ಮೊದಲ ಪ್ರಶ್ನೆಯು ಹುಡುಗರನ್ನು ಅಂಕೆಯಲ್ಲಿಡುವುದು ಹೇಗೆಂಬುದಲ್ಲ. ಅಂಕೆಯನ್ನು ಅವರ ಕರಸ್ಥಲಕ್ಕೆ ಕೊಡುವುದು ಹೇಗೆಂಬುದು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಮ್ಮ ಶಾಲೆಗಳಲ್ಲಿ ಎಲ್ಲ ಮತಗಳ ಮಕ್ಕಳೂ ಇರುತ್ತಾರೆ, ಇರಬೇಕು. ಮತಾಚಾರವನ್ನು ತರಗತಿಯೊಳಗೆ ತರಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಲಿಂಗವನ್ನು ಧರಿಸಿದ ಅಂಗೈಗೂ ಧರಿಸದ ಅಂಗೈಗೂ ಈ ವಿಷಯದಲ್ಲಿ ಭೇದವಿಲ್ಲ. ಆ ಹುಡುಗನು ಬಾಯಿಬಿಟ್ಟು ಹೇಳಿದನು. ಉಳಿದ ಮಕ್ಕಳ ಕೈಯಲ್ಲಿಯೂ ಹೊಡೆಯಬಾರದಂಥ ಏನೋ ಒಂದು ಇದ್ದೇ ಇರುತ್ತದೆ, ಅವರು ಹೇಳುವುದಿಲ್ಲ ಅಷ್ಟೆ.

ಇನ್ನು ಅಂಕೆಯನ್ನು ಕೊಡಬೇಕಾದವನಲ್ಲಿ ಮೊದಲು ಅದು ಇರಬೇಕಷ್ಟೆ. ಅಂತರಂಗ ಬಹಿರಂಗಗಳೆರಡನ್ನೂ ಶುದ್ಧಗೊಳಿಸುವ ಏಳು ನಿಷೇಧಗಳನ್ನು ಹೇಳುವ ಬಸವಣ್ಣನವರ ವಚನವನ್ನು ನಾವು ಶಾಲೆಯ ಪ್ರಾರ್ಥನೆಯಲ್ಲಿ ಮಕ್ಕಳಿಂದ ಹೇಳಿಸುತ್ತೇವೆ. ಮಕ್ಕಳು ಕಳವು ಮಾಡದಿರಲಿ, ಸುಳ್ಳಾಡದಿರಲಿ ಎಂಬುದು ನಮ್ಮ ಉದ್ದೇಶ. ಆದರೆ ಆ ಏಳರಲ್ಲಿ ಕೋಪವೂ, ಪರರ ವಿಷಯದಲ್ಲಿ ಅಸಹನೆಯೂ, ಆತ್ಮಪ್ರಶಂಸೆಯೂ, ಎದುರಿನವರ ನಿಂದೆಯೂ ಸೇರಿವೆ. ಅಂದರೆ ಅರ್ಧಕ್ಕಿಂತ ಹೆಚ್ಚು ಭಾಗವು ಮುಂದೆ ಕುಳಿತ ಮಕ್ಕಳಿಗಿಂತ ಮೇಜಿನ ಹಿಂದೆ ನಿಂತವನಿಗೇ ಚೆನ್ನಾಗಿ ಅನ್ವಯಿಸುತ್ತದೆ. ಒಂದೇ ಅವಧಿಯ ನಲವತ್ತು ನಿಮಿಷಗಳಲ್ಲಿ ಈ ನಾಲ್ಕನ್ನೂ ನಾನು ಮುಗಿಸಿದ ದಿನಗಳುಂಟು: ಸಿಟ್ಟಾದೆ, ಕೊಳಕು ಬಟ್ಟೆಯ ಹುಡುಗನಿಂದ ದೂರ ಸರಿದೆ, ನನ್ನ ವಿದ್ಯಾರ್ಥಿದೆಸೆಯ ಹಿರಿಮೆಯನ್ನು ಬಣ್ಣಿಸಿದೆ, ಒಬ್ಬನನ್ನು ಕತ್ತೆಯೆಂದು ಕರೆದೆ. ಲೋಕವನ್ನು ತಿದ್ದಹೊರಟವನು ಮೊದಲು ತನ್ನ ತನುವನ್ನೂ ಮನವನ್ನೂ ನೋಡಿಕೊಳ್ಳಬೇಕೆಂದು ಬಸವಣ್ಣನವರು ಬೇರೆಡೆ ಹೇಳಿರುವುದು ಇಂಥವರನ್ನು ಕಂಡೇ ಇರಬೇಕು.

ಕೋಪದ ವಿಷಯದಲ್ಲಿ ಶೂನ್ಯಸಂಪಾದನೆಯ ಸೊನ್ನಲಿಗೆಯ ಪ್ರಸಂಗವು ಮನನಯೋಗ್ಯವಾದುದು. ಸಿದ್ಧರಾಮನ ಒಡ್ಡರು ಕೆರೆಯ ಕೆಲಸದಲ್ಲಿ ತೊಡಗಿರುವಲ್ಲಿಗೆ ಅಲ್ಲಮಪ್ರಭುದೇವರು ಬಂದು ಅವರ ಗುರುವನ್ನು ಹಗುರವಾಗಿ ನುಡಿಯುತ್ತಾರೆ. ಒಡ್ಡರು ಕೆರಳಿ ಕಲ್ಲೆಸೆಯುತ್ತಾರೆ. ಸಿದ್ಧರಾಮನೇ ಬಂದು ಉರಿಗಣ್ಣು ತೆರೆಯುತ್ತಾನೆ. ಪ್ರಭುದೇವರು ಕಲ್ಲಿಗೆ ಕಲ್ಲನ್ನು ಹಿಂತಿರುಗಿಸಲಿಲ್ಲ, ಉರಿಗೆ ಉರಿಯನ್ನು ಒಡ್ಡಲಿಲ್ಲ, ನಿಂತಲ್ಲಿ ನಿಂತರು. ತಾಗುವ ಸ್ಥಳವಿಲ್ಲದಾಗ ಉರಿಯು ತಾನೇ ಶಮನವಾಯಿತು. ಆ ಬಳಿಕವೇ ಸಂವಾದ ಸಾಧ್ಯವಾಯಿತು. ಹುಡುಗನು ಎದುರುತ್ತರ ಕೊಟ್ಟಾಗ ಉಪಾಧ್ಯಾಯನು ಹತ್ತು ಎಣಿಸುವಷ್ಟು ಹೊತ್ತು ಸುಮ್ಮನೆ ನಿಂತರೆ ಏನಾಗುವುದೆಂಬುದನ್ನು ಪ್ರಯೋಗಮಾಡಿ ನೋಡಬಹುದು. ತರಗತಿಯ ಜಗಳಕ್ಕೆ ಇಬ್ಬರು ಬೇಕು. ಒಬ್ಬನು ನಿಂತರೆ ಅದು ನಿಲ್ಲುತ್ತದೆ. ಪ್ರಭುದೇವರು ಮೊದಲು ಹಗುರವಾಗಿ ನುಡಿದುದನ್ನು ಮಾತ್ರ ನಾವು ಅನುಕರಿಸತಕ್ಕದ್ದಲ್ಲ. ಅವರು ಅಲ್ಲಮರು, ನಾವು ತಿಂಗಳ ಸಂಬಳದವರು.

ತರಗತಿಯಲ್ಲಿ ಶರಣತತ್ತ್ವವು ನೇರವಾಗಿ ಕೆಲಸಕ್ಕೆ ಬರುವುದು ಕಾಯಕದ ವಿಷಯದಲ್ಲಿ. ಮಕ್ಕಳ ಗದ್ದಲದಲ್ಲಿ ಬಹುಪಾಲು ದುಷ್ಟತನದಿಂದ ಹುಟ್ಟುವುದಲ್ಲ. ಕೈಗೆ ಕೆಲಸವಿಲ್ಲದುದರಿಂದಲೂ, ಈಗ ಏನು ಮಾಡಬೇಕೆಂಬುದು ತಿಳಿಯದುದರಿಂದಲೂ ಹುಟ್ಟುವುದು. ಒಳಗೆ ಬಂದ ಕೂಡಲೆ ಚೀಲ ಎಲ್ಲಿಡಬೇಕು, ಮನೆಗೆಲಸದ ಪುಸ್ತಕವನ್ನು ಯಾರ ಕೈಗೆ ಕೊಡಬೇಕು, ಬರೆದು ಮುಗಿಸಿದವನು ಮುಂದೆ ಏನು ಮಾಡಬೇಕು, ನೀರು ಕುಡಿಯಲು ಹೋಗಬೇಕಾದವನು ಹೇಗೆ ಹೋಗಬೇಕು ಎಂಬ ಸಣ್ಣ ಸಂಗತಿಗಳನ್ನು ಜೂನ್ ತಿಂಗಳ ಮೊದಲ ಹತ್ತು ದಿನಗಳಲ್ಲಿ ಪಾಠದಂತೆಯೇ ಕಲಿಸಿ, ಮಾಡಿಸಿ, ಮತ್ತೆ ಮಾಡಿಸಬೇಕು. ಹತ್ತು ದಿನ ಪಾಠ ಹಿಂದೆ ಬಿದ್ದಿತೆಂದು ಕಂಗೆಡಬೇಕಾಗಿಲ್ಲ. ದಸರೆಯ ಹೊತ್ತಿಗೆ ಅದು ಬಡ್ಡಿಸಹಿತ ಮರಳಿ ಬರುತ್ತದೆ.

ಅನಂತರ ತರಗತಿಯ ಕೆಲಸಗಳನ್ನೆಲ್ಲ ಎಣಿಸಿ ಹಂಚಬೇಕು. ಹಾಜರಿ, ಕರಿಹಲಗೆ, ಸೀಮೆಸುಣ್ಣ, ಕುಡಿಯುವ ನೀರು, ಗಿಡಗಳು, ಕಸ, ಪುಸ್ತಕದ ಕಪಾಟು, ಗೈರುಹಾಜರಾದವನ ಮನೆಗೆ ಅಂದಿನ ಪಾಠವನ್ನು ತಿಳಿಸುವುದು: ಎಣಿಸುತ್ತ ಹೋದರೆ ಇಪ್ಪತ್ತಕ್ಕೆ ಕಡಿಮೆಯಾಗದು. ವಾರಕ್ಕೊಮ್ಮೆ ಇವು ಬದಲಾಗಬೇಕು. ಯಾವುದೂ ಯಾರಿಗೂ ಖಾಯಂ ಆಗಬಾರದು. ಕಸವು ಮುಖ್ಯವಾಗಿ ಬದಲಾಗಬೇಕು. ನಮ್ಮ ಶಾಲೆಗಳಲ್ಲಿ ಕಸಬರಿಗೆಯು ಯಾರ ಕೈಗೆ ಹೋಗುತ್ತಿದ್ದಿತೆಂಬುದು ಎಲ್ಲರಿಗೂ ಗೊತ್ತಿದ್ದೂ ಯಾರೂ ಆಡದ ಮಾತು. ಹೆಣ್ಣುಮಕ್ಕಳ ಕೈಗೆ, ಇಲ್ಲವೆ ಊರ ಹೊರಗಿನ ಕೇರಿಯಿಂದ ಬರುವ ಮಕ್ಕಳ ಕೈಗೆ. ಕಸ ಗುಡಿಸುವ ಕಾಯಕದ ಸತ್ಯಕ್ಕನು ವಚನಕಾರ್ತಿಯಾಗಿ ಪೂಜ್ಯಳಾದ ಪರಂಪರೆ ನಮ್ಮದೆಂದು ಭಾಷಣ ಮಾಡುವವರು ತಮ್ಮ ಶಾಲೆಯ ಕಸಬರಿಗೆಯ ಪಾಳಿಯನ್ನು ಒಮ್ಮೆ ನೋಡಬೇಕು. ನಾನು ಇದನ್ನು ಬದಲಿಸಿದ ವರ್ಷ ಊರಿನ ಪ್ರಮುಖರೊಬ್ಬರು ಬಂದು, ನಮ್ಮ ಹುಡುಗನು ಮನೆಯಲ್ಲಿಯೇ ಕಸಬರಿಗೆ ಮುಟ್ಟುವುದಿಲ್ಲವೆಂದರು. ಮೊದಲ ದಿನ ನಾನೇ ಗುಡಿಸಿದೆನೆಂದೂ, ಪಾಳಿಯಲ್ಲಿ ನನ್ನ ಹೆಸರೂ ಇದೆಯೆಂದೂ ತಿಳಿಸಿದೆ. ಅವರು ಹೆಚ್ಚು ಮಾತನಾಡದೆ ಹೊರಟರು. ಹುಡುಗನು ಗುಡಿಸಿದನು, ಸಂತೋಷದಿಂದಲೇ ಗುಡಿಸಿದನು. ಮಕ್ಕಳಿಗೆ ಈ ಭೇದವು ನಾವು ಕಲಿಸದ ಹೊರತು ಬಾರದು.

ಇದೇ ಸಂದರ್ಭದಲ್ಲಿ 'ಮಾನಿಟರ್' ಎಂಬ ಪದ್ಧತಿಯನ್ನು ಕುರಿತು ಎರಡು ಮಾತು. ಉಪಾಧ್ಯಾಯನಿಲ್ಲದಾಗ ಮಾತನಾಡಿದವರ ಹೆಸರನ್ನು ಹಲಗೆಯ ಮೇಲೆ ಬರೆಯಲು ಒಬ್ಬ ಹುಡುಗನನ್ನು ನೇಮಿಸುವುದು ನಮ್ಮಲ್ಲಿ ಬಹಳ ಹಳೆಯ ರೂಢಿ. ಇದರಿಂದ ಕೋಲು ಉಪಾಧ್ಯಾಯನ ಕೈಯಿಂದ ಇನ್ನೊಂದು ಕೈಗೆ ಹೋಯಿತೇ ಹೊರತು ಅಂಕೆಯು ಮಕ್ಕಳ ಕೈಗೆ ಬರಲಿಲ್ಲ. ಅದಕ್ಕಿಂತ ಕೇಡೆಂದರೆ, ಒಂದು ಮಗುವಿಗೆ ನೆರೆಯವನ ತಪ್ಪನ್ನು ಹುಡುಕುವುದನ್ನೇ ಕಾಯಕವನ್ನಾಗಿ ಮಾಡಿಕೊಟ್ಟಂತಾಯಿತು. ಪರನಿಂದೆಯನ್ನು ಬಸವಣ್ಣನವರು ಬೇಡವೆಂದರು. ನಾವು ಅದಕ್ಕೆ ಸೀಮೆಸುಣ್ಣವನ್ನು ಒದಗಿಸಿದೆವು.

ಮಧ್ಯಾಹ್ನದ ಊಟದ ಸಾಲೂ ಒಂದು ತರಗತಿಯೇ. ನಮ್ಮ ರಾಜ್ಯದಲ್ಲಿ 2002ರಲ್ಲಿ ಆರಂಭವಾದ ಬಿಸಿಯೂಟದ ಯೋಜನೆಗೆ 'ಅಕ್ಷರ ದಾಸೋಹ' ಎಂಬ ಹೆಸರನ್ನಿಟ್ಟವರು ಯಾರೇ ಇರಲಿ, ಅವರಿಗೆ ಶರಣು. ಆದರೆ ಹೆಸರು ದಾಸೋಹವಾದರೂ ತಟ್ಟೆ ಹಿಡಿದ ಮಕ್ಕಳು ಒಬ್ಬರನ್ನೊಬ್ಬರು ನೂಕುತ್ತಲೇ ಇದ್ದರು. ಬೆತ್ತ ಹಿಡಿದು ಸಾಲನ್ನು ಕಾಯುವ ಪಾಳಿ ನಮ್ಮದಾಗಿತ್ತು. ಏಳನೆಯ ತರಗತಿಯ ಮಕ್ಕಳು ಮೊದಲು ಒಂದನೆಯ ತರಗತಿಯವರಿಗೆ ತಟ್ಟೆಯನ್ನು ಒಯ್ದುಕೊಟ್ಟು, ಉಪಾಧ್ಯಾಯರು ಎಲ್ಲರಿಗಿಂತ ಕೊನೆಗೆ ಉಣ್ಣುವ ಕ್ರಮವನ್ನು ತಂದ ಮೇಲೆ ನೂಕಾಟ ಎರಡೇ ವಾರಗಳಲ್ಲಿ ತಗ್ಗಿತು. ದೊಡ್ಡವರಿಗೆ ಸಿಗುತ್ತದೆಯೋ ಇಲ್ಲವೋ ಎಂಬ ಭಯವೇ ನೂಕಾಟದ ಮೂಲವಾಗಿತ್ತೆಂಬುದು ಆಗ ತಿಳಿಯಿತು.

ಮಗುವು ತಪ್ಪು ಮಾಡಿಯೇ ಬಿಟ್ಟಾಗ ಏನು ಮಾಡಬೇಕು? ಈ ಪ್ರಶ್ನೆಗೆ ಆಯ್ದಕ್ಕಿ ಲಕ್ಕಮ್ಮನಿಗಿಂತ ಒಳ್ಳೆಯ ಉಪಾಧ್ಯಾಯಿನಿಯನ್ನು ನಾನು ಕಾಣೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಕಂಡು, ಇದು ನಮಗೆ ಸಲ್ಲದು, ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದು ಕಳುಹಿಸಿದಳು. ಅವಳು ನೆರೆಹೊರೆಯವರನ್ನು ಕರೆದು ಅವನನ್ನು ನಾಚಿಸಲಿಲ್ಲ. ನೀನು ಲೋಭಿಯೆಂದು ಹೆಸರಿಡಲಿಲ್ಲ. ಹಳೆಯ ತಪ್ಪುಗಳನ್ನು ಎತ್ತಲಿಲ್ಲ. ಇಡೀ ದಿನ ಉಪವಾಸವಿರೆಂದು ಸಂಬಂಧವಿಲ್ಲದ ದಂಡವನ್ನು ವಿಧಿಸಲಿಲ್ಲ. ಹೆಚ್ಚಾದುದನ್ನು ಹಿಂದಿರುಗಿಸುವುದಷ್ಟೇ ಶಿಕ್ಷೆ. ತಪ್ಪು ಎಲ್ಲಿ ಆಯಿತೋ ಅಲ್ಲಿಗೇ ಹೋಗಿ, ಮಾಡಿದವನ ಕೈಯಿಂದಲೇ ಅದನ್ನು ನೇರ್ಪಡಿಸಿ, ಮನೆಗೆ ಮರಳಿದ ಮೇಲೆ ಅದು ಮುಗಿಯಿತು. ಗೋಡೆಯ ಮೇಲೆ ಗೀಚಿದವನು ಸುಣ್ಣ ಬಳಿಯಲಿ. ಪುಸ್ತಕ ಹರಿದವನು ಅಂಟಿಸಿಕೊಡಲಿ. ಒಬ್ಬಳನ್ನು ಅಣಕಿಸಿದವನು ಆಕೆಯ ಬಳಿಗೇ ಹೋಗಿ ಅದನ್ನು ಸರಿಪಡಿಸುವ ದಾರಿಯನ್ನು ಕೇಳಲಿ. ಇದಕ್ಕೆ ಬದಲಾಗಿ ಗೀಚಿದವನನ್ನೂ ಹರಿದವನನ್ನೂ ಅಣಕಿಸಿದವನನ್ನೂ ಒಂದೇ ಬಿಸಿಲಿನಲ್ಲಿ ನಿಲ್ಲಿಸಿದರೆ ಅವರು ಕಲಿಯುವುದು ಬಿಸಿಲನ್ನು ತಾಳುವುದನ್ನು.

ಹೊಗಳಿಕೆಯ ವಿಷಯದಲ್ಲಿಯೂ ಎಚ್ಚರ ಬೇಕು. ಮಕ್ಕಳನ್ನು ಮೆಚ್ಚಬೇಕೆಂಬ ಮಾತು ಈಗ ತರಬೇತಿಗಳಲ್ಲೆಲ್ಲ ಕೇಳಿಬರುತ್ತದೆ. ಅದು ಸರಿಯಾದ ಮಾತೇ. ಆದರೆ ಬಸವಣ್ಣನವರು ತಮ್ಮನ್ನು ಹೊಗಳಿದವರ ಹೊಗಳಿಕೆಯನ್ನು ಬಂಗಾರದ ಶೂಲಕ್ಕೆ ಹೋಲಿಸಿದರೆಂಬುದನ್ನೂ ನೆನೆಯಬೇಕು. 'ನೀನು ಬಹಳ ಜಾಣ' ಎಂದರೆ ಮಗುವಿಗೆ ಮುಂದೆ ಜಾಣತನವನ್ನು ಕಾಪಾಡಿಕೊಳ್ಳುವುದೇ ಒಂದು ಭಾರ. ತಪ್ಪಾದೀತೆಂದು ಕೈಯೆತ್ತಲೂ ಅಂಜುತ್ತದೆ. 'ಈ ಲೆಕ್ಕವನ್ನು ಮೂರು ಸಲ ಅಳಿಸಿ ಮಾಡಿದೆ, ನೋಡಿದೆ' ಎಂದರೆ ಸಾಕು. ಮಾಡಿದ ಕೆಲಸವನ್ನು ಹೆಸರಿಸಬೇಕು, ಮಗುವಿಗೆ ಬಿರುದು ಕೊಡಬಾರದು. ಬೈಗುಳದಲ್ಲಿಯೂ ಇದೇ ನ್ಯಾಯ. ಕೃತ್ಯವು ತಪ್ಪೆನ್ನಬಹುದು; ಮಗುವೇ ತಪ್ಪೆನ್ನಬಾರದು.

ಕಲ್ಯಾಣದ ಅನುಭವಮಂಟಪವನ್ನು ಕುರಿತು ನಾವು ಹೆಮ್ಮೆಯಿಂದ ಮಾತನಾಡುತ್ತೇವೆ. ಅದರಿಂದ ತರಗತಿಯು ಕಲಿಯಬೇಕಾದುದು ಒಂದುಂಟು. ಅಕ್ಕಮಹಾದೇವಿಯು ಅಲ್ಲಿಗೆ ಬಂದಾಗ ಪ್ರಭುದೇವರು ಕೇಳಿದ ಪ್ರಶ್ನೆಗಳು ಮೃದುವಾದುವಲ್ಲ. ಒಬ್ಬ ತರುಣಿಯನ್ನು ತುಂಬಿದ ಸಭೆಯಲ್ಲಿ ಅಷ್ಟು ಕಠೋರವಾಗಿ ಕೇಳಬಹುದೇ ಎಂದು ಓದುವವರಿಗೆ ನೋವಾಗುತ್ತದೆ. ಆದರೆ ಪ್ರತಿ ಪ್ರಶ್ನೆಯ ಬಳಿಕವೂ ಉತ್ತರ ಹೇಳಲು ಅವಳಿಗೆ ಅವಕಾಶವಿದ್ದಿತು. ಅವಳ ಉತ್ತರವನ್ನು ಸಭೆಯು ಪೂರ್ತಿಯಾಗಿ ಕೇಳಿತು. ಕೇಳಿದವರೇ ಕೊನೆಗೆ ತಲೆಬಾಗಿದರು. ನಾವು ತರಗತಿಯಲ್ಲಿ ಪ್ರಶ್ನೆಯನ್ನು ಮಾತ್ರ ಇಟ್ಟುಕೊಂಡು ಉಳಿದ ಎರಡನ್ನೂ ಬಿಟ್ಟಿದ್ದೇವೆ. 'ಏಕೆ ಹೀಗೆ ಮಾಡಿದೆ?' ಎಂದು ಗರ್ಜಿಸುತ್ತೇವೆ. ಹುಡುಗನು ಬಾಯಿ ತೆರೆದರೆ 'ಎದುರು ಮಾತನಾಡಬೇಡ' ಎನ್ನುತ್ತೇವೆ. ಉತ್ತರ ಬೇಡವಾಗಿದ್ದರೆ ಪ್ರಶ್ನೆ ಏಕೆ?

ಶನಿವಾರದ ಕೊನೆಯ ಅರ್ಧ ಗಂಟೆಯನ್ನು ನಾನು ಇದಕ್ಕಾಗಿ ತೆಗೆದಿರಿಸಿದೆ. ಮಕ್ಕಳು ಸುತ್ತುಗಟ್ಟಿ ಕುಳಿತು ವಾರದ ಜಗಳಗಳನ್ನೂ ಅನುಕೂಲಗಳನ್ನೂ ಹೇಳುವರು. ನಿಯಮಗಳು ನಾಲ್ಕಕ್ಕಿಂತ ಹೆಚ್ಚಿರಬಾರದೆಂದೂ, ಅವು ಉಪಾಧ್ಯಾಯನಿಗೂ ಅನ್ವಯಿಸಬೇಕೆಂದೂ ನಿಶ್ಚಯವಾಯಿತು. ಮೊದಲ ತಿಂಗಳು ಅದು ಬರಿಯ ದೂರಿನ ಸಂತೆಯಾಯಿತು, ಬಿಟ್ಟುಬಿಡಬೇಕೆನಿಸಿತು. ಎರಡನೆಯ ತಿಂಗಳು ಒಬ್ಬ ಬಾಲಕಿಯು ಎದ್ದು, ಕಿಟಕಿಯ ಪಕ್ಕದ ಜಾಗಕ್ಕಾಗಿ ಜಗಳವಾಡುವವರಿಗೆ ವಾಸ್ತವವಾಗಿ ಬೇಕಾದುದು ಗಾಳಿಯಲ್ಲ, ಬೆಳಕು. ಅವರಿಬ್ಬರಿಗೂ ಹಲಗೆ ಕಾಣುವುದಿಲ್ಲವೆಂದಳು. ಕಣ್ಣಿನ ತಪಾಸಣೆಯಲ್ಲಿ ಅವಳ ಮಾತು ನಿಜವಾಯಿತು. ಒಂದು ವರ್ಷದಿಂದ ಆ ಇಬ್ಬರನ್ನು ನಾನು ಜಗಳಗಂಟರೆಂದು ತಿಳಿದಿದ್ದೆ.

ಎಲ್ಲವೂ ಹೀಗೆಯೇ ಸುಸೂತ್ರವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಒಬ್ಬ ಹುಡುಗನ ಸಿಟ್ಟು ನಾಲ್ಕು ವರ್ಷವಾದರೂ ತಗ್ಗಲಿಲ್ಲ. ಅದರ ಬೇರು ಶಾಲೆಯಲ್ಲಿರಲಿಲ್ಲ, ಕುಡಿದು ಬರುವ ತಂದೆಯ ಮನೆಯಲ್ಲಿದ್ದಿತು. ಅವನ ವಿಷಯದಲ್ಲಿ ನಾನು ಮಾಡಲಾದುದು ದಿನಕ್ಕೆ ಆರು ಗಂಟೆಯಾದರೂ ಯಾರೂ ಕೈಯೆತ್ತದ ಒಂದು ಸ್ಥಳವನ್ನು ಅವನಿಗೆ ಒದಗಿಸುವುದಷ್ಟೆ. ಗದ್ದಲವೂ ಪೂರ್ತಿ ನಿಲ್ಲಲಿಲ್ಲ. ನಿಲ್ಲಬೇಕೆಂದೂ ಈಗ ನನಗೆ ತೋರುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಮೊದಲಾದ 'ನಲಿಕಲಿ' ಪದ್ಧತಿಯಲ್ಲಿ ಮಕ್ಕಳು ಗುಂಪುಗುಂಪಾಗಿ ಕುಳಿತು ತಮ್ಮ ತಮ್ಮ ಚಟುವಟಿಕೆಯಲ್ಲಿ ತೊಡಗುವರು. ಹೊರಗಿನಿಂದ ಕೇಳುವವರಿಗೆ ಅದು ಸಂತೆಯಂತಿರುತ್ತದೆ. ಕೆಲಸದ ಸದ್ದನ್ನೂ ಕೆಲಸವಿಲ್ಲದ ಸದ್ದನ್ನೂ ಬೇರ್ಪಡಿಸಿ ಕೇಳುವುದಕ್ಕೆ ಕಿವಿ ಪಳಗಬೇಕು; ನನ್ನ ಕಿವಿ ಪಳಗಲು ಹಲವು ವರ್ಷಗಳೇ ಹಿಡಿದವು.

ನಿವೃತ್ತಿಯ ಹಿಂದಿನ ವರ್ಷ ಒಂದು ದಿನ ನಾನು ಬರುವ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಶಾಲೆಯನ್ನು ಮುಟ್ಟುವ ಹೊತ್ತಿಗೆ ಮೊದಲ ಅವಧಿ ಅರ್ಧ ಕಳೆದಿದ್ದಿತು. ಓಣಿಯಲ್ಲಿ ಬರುವಾಗ ಗದ್ದಲ ಕೇಳಿಸಲಿಲ್ಲ. ಮಕ್ಕಳು ಮನೆಗೆ ಹೋಗಿರಬಹುದೆಂದುಕೊಂಡೆ. ಬಾಗಿಲಲ್ಲಿ ನಿಂತು ನೋಡಿದರೆ ಹಾಜರಿ ಆಗಿದ್ದಿತು. ಒಬ್ಬಳು ಹಿಂದಿನ ದಿನದ ಪಾಠವನ್ನು ಓದು ನಿಧಾನವಾದ ಇಬ್ಬರಿಗೆ ಓದಿಸುತ್ತಿದ್ದಳು, ಉಳಿದವರು ಬರೆಯುತ್ತಿದ್ದರು, ಇಬ್ಬರು ಮಾತನಾಡುತ್ತಲೂ ಇದ್ದರು. ನನ್ನನ್ನು ಮೊದಲು ಕಂಡ ಹುಡುಗನು ಎದ್ದು ನಿಂತನು. ತಡವಾಗಿ ಬಂದವರು ಕಾರಣ ಹೇಳಿ, ಅಂದಿನ ಹಲಗೆಯನ್ನು ಒರಸಬೇಕೆಂಬುದು ಆ ವರ್ಷ ಮಕ್ಕಳೇ ಮಾಡಿದ ನಾಲ್ಕು ನಿಯಮಗಳಲ್ಲಿ ಒಂದು. 'ಸರ, ಯಾಕ ತಡಾ ಆತ್ರಿ?' ಎಂದು ಅವನು ಕೇಳಿದನು. ಬಸ್ಸು ಕೆಟ್ಟುದನ್ನು ಹೇಳಿದೆ. ಎಲ್ಲರೂ ಕೇಳಿದರು. ಅವನು ಒರಸುವ ಬಟ್ಟೆಯನ್ನು ತಂದು ನನ್ನ ಕೈಗೆ ಕೊಟ್ಟನು.